ಎರಡು ಥರದ ನೋಡೋಣ

ಆ ಮನೆಯಲ್ಲಿ ವಾರಕ್ಕೆ ಐದೇ ದಿನ. ಉಳಿದ ಎರಡು ದಿನ ಅತ್ತೆಯವು. ಶನಿವಾರ, ಭಾನುವಾರ ಬಂದರೆ ಬೇರೆ ಮಕ್ಕಳು ಆಡುತ್ತಾರಂತೆ, ಹೊತ್ತೇರುವ ತನಕ ಮಲಗುತ್ತಾರಂತೆ, ಏನೂ ಮಾಡದೆ ಕಿಟಕಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂರುತ್ತಾರಂತೆ. ಬಟಾಣಿಗೆ ಇವೆಲ್ಲ ಕೇಳಿ ಗೊತ್ತು, ಅಷ್ಟೆ. ಹುಟ್ಟಿದಾಗ ಕಾಳಿನಷ್ಟೇ ಇದ್ದಳೆಂದು ಅಜ್ಜ ಇಟ್ಟ ಅಡ್ಡಹೆಸರು ಅದು. ಈಗ ಅವಳಿಗೆ ಆರು ವರ್ಷ. ಈ ಆರು ವರ್ಷದಲ್ಲಿ ಅವಳು ಹೋಗದ ಹುಟ್ಟುಹಬ್ಬವಿಲ್ಲ, ನಿಲ್ಲದ ಗ್ರೂಪ್ ಫೋಟೋ ಇಲ್ಲ, ಅವಳ ಕೆನ್ನೆ ಹಿಂಡದ ನೆಂಟರಿಲ್ಲ. "ಅಯ್ಯೋ, ಎಷ್ಟು ದೊಡ್ಡೋಳಾಗ್ಬಿಟ್ಳು!" ಎಂದು ಹೋದ ವಾರವಷ್ಟೇ ನೋಡಿದವರೂ ಬಾಯಿ ಬಿಡುತ್ತಿದ್ದರು. ಏಳು ದಿನದಲ್ಲಿ ಅವಳೇನು ಆಕಾಶಕ್ಕೆ ಬೆಳೆದಿರುತ್ತಾಳೆಯೇ? ಆದರೆ ನೆಂಟರಿಗೆ ಮಾತಾಡಲು ಬೇರೇನಿರುತ್ತದೆ ಪಾಪ.

ಅತ್ತೆ ಅಂದರೆ ಅಪ್ಪನ ಅಕ್ಕ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ಸೋಮವಾರದಿಂದ ಶುಕ್ರವಾರದ ತನಕ ಇನ್ನೂರು ಹುಡುಗಿಯರ ತಲೆ ಎಣಿಸುವುದು ಅವರ ಕೆಲಸ. ವಾರದ ಕೊನೆಗೆ ಎಣಿಸಲು ತಲೆ ಸಿಗದೆ ಬೆರಳು ತುರಿಸುತ್ತಿತ್ತೋ ಏನೋ, ನೆಂಟರನ್ನು ಕರೆಸಿಕೊಳ್ಳುತ್ತಿದ್ದರು. ಬಟಾಣಿ ಮನಸ್ಸಿನಲ್ಲಿ ಅಪ್ಪನನ್ನು 'ಅವನು' ಅಂದುಕೊಳ್ಳುತ್ತಿದ್ದಳು, ಅಮ್ಮನನ್ನು 'ಅವಳು', ಅಜ್ಜನನ್ನು ಕೂಡ 'ಅವನು'. ಅತ್ತೆಯನ್ನು ಮಾತ್ರ ಏಕವಚನದಲ್ಲಿ ನೆನೆಯುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಪ್ಪ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಕಲಿಯುವವರು ಎಡವಟ್ಟು ಮಾಡಿದರೆ ಇರಲಿ ಎಂದು ಆ ಕಾರಿನಲ್ಲಿ ಅವನ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ದಿನವಿಡೀ ಕಂಡವರ ಓಟಕ್ಕೆ ಬ್ರೇಕ್ ಹಾಕುವ ಈ ಮಹಾನುಭಾವನಿಗೆ ಸ್ವಂತ ಅಕ್ಕನ ಮುಂದೆ ಮಾತ್ರ ಬ್ರೇಕ್ ಫೇಲ್. ಪ್ರತಿ ಶುಕ್ರವಾರ ಸಂಜೆ ಏಳಕ್ಕೆ ಅತ್ತೆಯ ಫೋನು. ಅಪ್ಪ ಎದ್ದು ನಿಂತು ಮಾತಾಡುತ್ತಿದ್ದ. ಮಾತೇನು ಮಣ್ಣು, ಮೂರೇ ಮೂರು ತುಣುಕು: "ಹ್ಞೂಂ ಅಕ್ಕ. ಸರಿ ಅಕ್ಕ. ಬಂದ್ವಿ ಅಕ್ಕ." ಅವನು ಫೋನಿಟ್ಟ ಕೂಡಲೇ ಅಡುಗೆಮನೆಯಿಂದ ಅಮ್ಮನ ದನಿ ಬರುತ್ತಿತ್ತು.

"ಕೊಟ್ರಾ ನಿಮ್ಮಕ್ಕ ಕೀ? ಬಿಡಿ, ಇನ್ನೊಂದು ವಾರ ಯೋಚನೆ ಇಲ್ಲ. ಓಡ್ತೀರ."

ಬಟಾಣಿಗೆ ಇದು ಬಹಳ ಸಹಜವಾದ ಮಾತಾಗಿ ಕೇಳುತ್ತಿತ್ತು. ಯಾಕೆಂದರೆ ಕೀ ಕೊಡುವ ಕೆಲಸ ಅವಳ ಅಜ್ಜನದು. ಅಮ್ಮನ ಅಪ್ಪ ಆತ. ಪೇಟೆಯ ಚೌಕದ ನಡುವೆ ನಿಂತಿರುವ ಗೋಪುರದ ಗಡಿಯಾರಕ್ಕೆ ನಲವತ್ತೊಂದು ವರ್ಷದಿಂದ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಅವನೇ ಕೀ ಕೊಡುತ್ತಿದ್ದ. ತೊಂಬತ್ತನಾಲ್ಕು ಮೆಟ್ಟಿಲು ಹತ್ತಿ, ಬಾವಿಯಿಂದ ನೀರು ಸೇದುವ ರಾಟೆಯ ಹಾಗೆ ಕಬ್ಬಿಣದ ಹ್ಯಾಂಡಲ್ಲನ್ನು ತಿರುಗಿಸಬೇಕು. ವಾರವಿಡೀ ಇಳಿದಿಳಿದು ಕೆಳಗೆ ಹೋದ ತೂಕದ ಗುಂಡುಗಳು ಆಗ ಮೇಲೆ ಬರುತ್ತವೆ. ಮತ್ತೆ ಅವು ಇಳಿಯಲು ಒಂದು ವಾರ ಬೇಕು, ಆ ಒಂದು ವಾರ ಗಡಿಯಾರ ಓಡುತ್ತದೆ. ಅತ್ತೆ ಶುಕ್ರವಾರ ಅಪ್ಪನಿಗೆ ಕೀ ಕೊಡುತ್ತಾರೆ, ಅಜ್ಜ ಶನಿವಾರ ಗಡಿಯಾರಕ್ಕೆ ಕೊಡುತ್ತಾನೆ. ಇದರಲ್ಲಿ ಅರ್ಥವಾಗದ್ದೇನಿದೆ? ಅಪ್ಪನಿಗೆ ಫೋನಿನಲ್ಲೇ ಹೇಗೆ ಕೊಡುತ್ತಾರೆ ಎನ್ನುವುದೊಂದೇ ಅವಳಿಗೆ ಬಗೆಹರಿಯದೆ ಉಳಿದಿತ್ತು. ಕೇಳಬೇಕು ಅಂದುಕೊಂಡಿದ್ದಳು, ಸಮಯ ಸಿಕ್ಕಿರಲಿಲ್ಲ.

ಆ ತಿಂಗಳ ಮೊದಲ ವಾರ ಪುರಸಭೆಯಿಂದ ಅಜ್ಜನಿಗೆ ಕಾಗದ ಬಂತು. ಮುಂದಿನ ತಿಂಗಳಿಂದ ಗಡಿಯಾರಕ್ಕೆ ವಿದ್ಯುತ್ ಮೋಟಾರು, ತಮ್ಮ ಸೇವೆಗೆ ಧನ್ಯವಾದ, ಹ್ಯಾಂಡಲ್ಲನ್ನು ಕಚೇರಿಗೆ ಒಪ್ಪಿಸತಕ್ಕದ್ದು. ನಲವತ್ತೊಂದು ವರ್ಷಕ್ಕೆ ಮೂರು ಸಾಲು. ಅಜ್ಜ ಕಾಗದವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಸೇರಿಸಿದ.

"ಬರ್ಲಿ ಬಿಡು ಮೋಟಾರು. ಅದಕ್ಕೇನು ಮೊಣಕಾಲು ನೋವಾ, ಮಣ್ಣಾ," ಎಂದ. ಆಮೇಲೆ ಬಟಾಣಿಯನ್ನು ಹತ್ತಿರ ಕರೆದ. "ನೋಡು ಮರಿ, ಇನ್ನು ನಾಲ್ಕೇ ಶನಿವಾರ ಉಳಿದಿರೋದು. ಯಾವತ್ತಾದ್ರೂ ಒಂದು ದಿನ ಬಾ. ನಾಲ್ಕು ಹೊಡೆಯೋಕೆ ಮುಂಚೆ ಮೇಲಿರ್ಬೇಕು. ಗಂಟೆ ಪಕ್ಕದಲ್ಲೇ ನಿಂತು ಕೇಳು, ಆಮೇಲೆ ನೀನೇ ಕೀ ಕೊಡು."

"ನಾನೇನಾ?"

"ಮತ್ತೆ ಇನ್ಯಾರು? ನಾನು ಹೋದ್ಮೇಲೆ ನಮ್ಮಜ್ಜ ಕೀ ಕೊಡ್ತಿದ್ದ ಅಂತ ಬರೀ ಹೇಳ್ಕೊಂಡು ತಿರುಗ್ತೀಯಾ? ನಾನೂ ಕೊಟ್ಟಿದೀನಿ ಅನ್ನು."

ಅಂದಿನಿಂದ ಬಟಾಣಿಯ ತಲೆಯಲ್ಲಿ ಬೇರೇನೂ ಇರಲಿಲ್ಲ. ಊಟಕ್ಕೆ ಕೂತರೂ ಬಲಗೈ ಗಾಳಿಯಲ್ಲಿ ಹ್ಯಾಂಡಲ್ ತಿರುಗಿಸುತ್ತಿತ್ತು. ಅಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸಮಯ ಬರೆದುಕೊಡುವ ಕೆಲಸದವಳು. ಶನಿವಾರ ಸಂಜೆ ಐದರ ತನಕ ಕದಲುವಂತಿಲ್ಲ. ಹಾಗಾಗಿ ಕೇಳಬೇಕಾದದ್ದು ಅಪ್ಪನನ್ನೇ.

"ಅಪ್ಪ, ಶನಿವಾರ ಅಜ್ಜನ ಗಡಿಯಾರ ನೋಡೋಣ್ವಾ?"

"ನೋಡೋಣ," ಎಂದ ಅಪ್ಪ.

ಬಟಾಣಿ ಕುಣಿದಾಡಿಬಿಟ್ಟಳು. ಕುಣಿಯದೆ ಏನು ಮಾಡುತ್ತಾಳೆ? ನೋಡೋಣವೇ ಎಂದು ಕೇಳಿದಳು, ನೋಡೋಣ ಎಂದ. ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಮಾತು ಕೊಡುವುದು ಹೇಗೆ?

ಮೊದಲನೇ ಶನಿವಾರ ಅಪ್ಪ ಅವಳನ್ನು ಅತ್ತೆಯ ಮನೆಗೆ ಕರೆದುಕೊಂಡು ಹೋದ. ಅತ್ತೆ ಹೊಸ ಸೋಫಾ ತಂದಿದ್ದರು. ಸೋಫಾ ನೋಡಲು ಹನ್ನೊಂದು ಜನ ಬಂದಿದ್ದರು. ಎಲ್ಲರೂ ನೋಡಿದರು, ಮುಟ್ಟಿದರು, ಒತ್ತಿದರು. ಯಾರೂ ಕೂರಲಿಲ್ಲ, ಯಾಕೆಂದರೆ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಅತ್ತೆ ಇನ್ನೂ ತೆಗೆದಿರಲಿಲ್ಲ, ಈ ಜನ್ಮದಲ್ಲಿ ತೆಗೆಯುವ ಅಂದಾಜೂ ಕಾಣುತ್ತಿರಲಿಲ್ಲ. ಮೂರಕ್ಕೆ ಅಪ್ಪ "ಹೊರಟ್ವಿ ಹಾಗಾದ್ರೆ" ಎಂದ. ಬಟಾಣಿ ಓಡಿಹೋಗಿ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಅತ್ತೆಯ ಗಂಡ, ಕನ್ನಡಕದ ಅಂಗಡಿಯ ಮಾವ, "ಐದೇ ನಿಮಿಷ, ಚಹಾ ಕುಡ್ಕೊಂಡು ಹೋಗಿ" ಎಂದ. ಬಾಗಿಲಲ್ಲಿ ನಿಂತು ಇನ್ನೊಂದು ಸುತ್ತು ಮಾತು, ಗೇಟಿನಲ್ಲಿ ಇನ್ನೊಂದು, ಸ್ಕೂಟರಿನ ಪಕ್ಕ ನಿಂತು ಮತ್ತೊಂದು. ಹೊರಡುವಾಗ ಐದೂಕಾಲು. ಶೂ ಒಳಗೆ ಬಟಾಣಿಯ ಕಾಲು ಬೆವೆತುಹೋಗಿತ್ತು.

"ಮುಂದಿನ ವಾರ ನೋಡೋಣ ಕಣೋ," ಎಂದ ಅಪ್ಪ. ಮಗಳ ಮೇಲೆ ಮುದ್ದು ಬಂದರೆ 'ಕಣೋ' ಅನ್ನುವುದು ಅವನ ರೂಢಿ. ಬಟಾಣಿ ನಂಬಿದಳು.

ಎರಡನೇ ಶನಿವಾರ ಮಾವನ ಅಂಗಡಿಗೆ ಹೊಸ ಬೋರ್ಡು. ಅದನ್ನು ನೇರವಾಗಿ ನೇತುಹಾಕಲು ಒಬ್ಬ ಬಡಗಿ, ವಾರೆಯಾಗಿದೆ ಎಂದು ಹೇಳಲು ಒಂಬತ್ತು ನೆಂಟರು. ಅದೂ ಕನ್ನಡಕದ ಅಂಗಡಿ! ಒಬ್ಬರಿಗೆ ಎಡಕ್ಕೆ ವಾರೆ ಕಂಡರೆ ಇನ್ನೊಬ್ಬರಿಗೆ ಬಲಕ್ಕೆ. ಕೊನೆಗೆ ಬಡಗಿ ಏಣಿಯನ್ನು ಅಲ್ಲೇ ಬಿಟ್ಟು ಚಹಾ ಕುಡಿಯಲು ಹೋದವನು ಬಹಳ ಹೊತ್ತು ಬರಲೇ ಇಲ್ಲ. ಅವನೊಬ್ಬನೇ ಬುದ್ಧಿವಂತ ಎಂದು ಬಟಾಣಿಗೆ ಅನಿಸಿತು.

ಮೂರನೇ ಶನಿವಾರ ಪಿಕ್ನಿಕ್. ಕೆರೆಯ ದಂಡೆಗೆ. ಚಾಪೆ ಎಲ್ಲಿ ಹಾಸಬೇಕೆಂದು ದೊಡ್ಡವರು ಮುಕ್ಕಾಲು ಗಂಟೆ ಚರ್ಚೆ ಮಾಡಿದರು. ಕೆರೆಯ ಹತ್ತಿರ ಸೊಳ್ಳೆ, ಮರದ ಕೆಳಗೆ ಇರುವೆ, ಹುಲ್ಲಿನ ಮೇಲೆ ಬಿಸಿಲು. ಕಡೆಗೆ ಕಾರು ನಿಲ್ಲಿಸುವ ಜಾಗದ ಸಿಮೆಂಟಿನ ಮೇಲೆ, ಕೆರೆಗೆ ಬೆನ್ನು ಮಾಡಿ ಕೂತು, ಮನೆಯಲ್ಲಿ ಆಡುವ ಮಾತನ್ನೇ ಆಡಿದರು. ಗಾಳಿ ಎಷ್ಟು ಚೆನ್ನಾಗಿದೆ ಎಂದು ಎಲ್ಲರೂ ಒಬ್ಬೊಬ್ಬರಾಗಿ ಹೇಳಿದರು. ಬಟಾಣಿ ಅಪ್ಪನ ಅಂಗಿ ಜಗ್ಗುತ್ತಲೇ ಇದ್ದಳು.

"ಅಪ್ಪ, ಇವತ್ತು ನೋಡೋಣ ಅಂದಿದ್ದೆ ನೀನು."

"ನೋಡೋಣ ನೋಡೋಣ," ಎಂದ ಅಪ್ಪ, ಅತ್ತೆಗೆ ತಟ್ಟೆ ದಾಟಿಸುತ್ತಾ.

ಅತ್ತೆಯ ಮಗಳು ಪಕ್ಕದಲ್ಲೇ ಕೂತು ಬಿಸ್ಕತ್ತನ್ನು ಅಂಚಿನಿಂದ ಕಡಿಯುತ್ತಿದ್ದಳು. ಅವಳಿಗೆ ಹತ್ತು ವರ್ಷ. ಅಂಥ ತಾಯಿಯ ಕೈಕೆಳಗೆ ಬೆಳೆದವಳು, ದೊಡ್ಡವರ ಭಾಷೆಯಲ್ಲಿ ಪಳಗಿಹೋಗಿದ್ದಳು. ಬಟಾಣಿಯ ಕಿವಿಯ ಹತ್ತಿರ ಬಗ್ಗಿದಳು.

"ಏ ದಡ್ಡಿ, ನೋಡೋಣ ಅಂದ್ರೆ ಇಲ್ಲ ಅಂತ ಅರ್ಥ ಕಣೇ."

"ನೋಡೋಣ ಅಂದ್ರೆ ನೋಡೋಣ."

"ನಾವು ಅಂದ್ರೆ ಹಾಗೆ. ದೊಡ್ಡವರು ಅಂದ್ರೆ ಇಲ್ಲ ಅಂತ. ಅಳ್ಬಾರ್ದು ಅಂತ ಹಾಗನ್ನೋದು. ನಂಗೆ ಸೈಕಲ್ಲು ಎರಡು ವರ್ಷದಿಂದ ನೋಡೋಣ."

ಬಟಾಣಿ ನಂಬಲಿಲ್ಲ. ನಂಬಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅತ್ತೆ ತಮ್ಮನ ಕಡೆ ತಿರುಗಿ, "ಮುಂದಿನ ಶನಿವಾರ ನಮ್ಮ ಮದುವೆಗೆ ಇಪ್ಪತ್ತೈದು ವರ್ಷ. ಹಾಲ್ ಬುಕ್ ಆಗಿದೆ. ಬೆಳಿಗ್ಗೆಯಿಂದ ನಿನ್ನ ಕಾರು ಬೇಕಾಗತ್ತೆ, ಜನ ಸಾಗಿಸೋಕೆ," ಎಂದರು. ಅಪ್ಪ ತಲೆ ಕೆರೆದುಕೊಂಡ. "ಸ್ಕೂಲಿನ ಕಾರು ಅಕ್ಕ... ನೋಡೋಣ," ಎಂದ. ಬಟಾಣಿ ಕಣ್ಣು ಅರಳಿಸಿಕೊಂಡು ಕಾದಳು. ಈಗ ಗೊತ್ತಾಗುತ್ತದೆ. ಅಪ್ಪ ಮಾರನೆಯ ದಿನವೇ ಸ್ಕೂಲಿನ ಯಜಮಾನರ ಕಾಲು ಹಿಡಿದು ಕಾರಿಗೆ ಅನುಮತಿ ತಂದ, ಟ್ಯಾಂಕೂ ತುಂಬಿಸಿದ.

ಅಲ್ಲಿಗೆ ಲೆಕ್ಕ ಚುಕ್ತಾ. ನೋಡೋಣ ಎರಡು ಥರ ಇದೆ. ಅತ್ತೆಗೆ ಹೇಳುವ ನೋಡೋಣ ಬೇರೆ, ತನಗೆ ಹೇಳುವುದು ಬೇರೆ. ಆ ರಾತ್ರಿ ಬಟಾಣಿ ಹೊದಿಕೆಯೊಳಗೆ ಮುಖ ಹುದುಗಿಸಿ ಅತ್ತಳು. ಅಮ್ಮ ಬಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದಳು. ಬೆಳಿಗ್ಗೆ ಅಮ್ಮ, ಗಂಡನಿಗೆ ಕೇಳುವ ಹಾಗೆ, ಪಾತ್ರೆಗಳ ಜೊತೆ ಮಾತಾಡಿದಳು.

"ಬರೋ ಶನಿವಾರ ನಾನು ರಜ ಹಾಕ್ತೀನಿ. ಅದೇ ಕೊನೇ ಶನಿವಾರ. ನಮ್ಮಪ್ಪ ಮಗುಗೆ ಮಾತು ಕೊಟ್ಟಿದ್ದಾರೆ. ಯಾರ ಮದುವೆ ಎಷ್ಟು ವರ್ಷ ಬಾಳಿದ್ರೂ ಸರಿ, ಮೂರೂವರೆಗೆ ನಾನು ಅಲ್ಲಿಂದ ಎದ್ದೆ."

"ಫೋಟೋ ಮೂರಕ್ಕೇನೇ," ಎಂದ ಅಪ್ಪ. "ಹಾಲ್ ಗೋಪುರದ ಎದುರುಗಡೇನೇ ಇದೆ. ಫೋಟೋ ಹೊಡೆಸ್ಕೊಂಡು ನಾನೇ ಕರ್ಕೊಂಡು ಹೋಗ್ತೀನಿ. ಆಣೆ."

ನಾಲ್ಕನೇ ಶನಿವಾರ ಹಾಲಿನಲ್ಲಿ ಎಲ್ಲರೂ ತಿಳಿನೀಲಿ. ಅತ್ತೆಯ ಆಜ್ಞೆ. ತಿಳಿನೀಲಿ ಅಂಗಿ, ತಿಳಿನೀಲಿ ಸೀರೆ, ತಿಳಿನೀಲಿ ಫ್ರಾಕು. ಬಟಾಣಿಗೆ ಅಮ್ಮನ ಕ್ಲಿನಿಕ್ಕಿನ ಪರದೆಗಳ ನೆನಪಾಯಿತು. ಬಾಗಿಲಲ್ಲಿ ಒಂದು ಬುಟ್ಟಿ ಇತ್ತು. "ಎಲ್ರೂ ಫೋನ್ ಇದರಲ್ಲಿ ಹಾಕಿ. ಫೋಟೋದಲ್ಲಿ ಒಬ್ಬರೂ ಫೋನ್ ನೋಡ್ತಾ ಇರಕೂಡದು," ಎಂದು ಅತ್ತೆ ಹಾಸ್ಟೆಲ್ಲಿನ ದನಿಯಲ್ಲಿ ಹೇಳಿದರು. ಬ್ಯಾಂಕಿನ ಮ್ಯಾನೇಜರರೂ ಮೊಮ್ಮಕ್ಕಳನ್ನು ಕಂಡವರೂ ತೆಪ್ಪಗೆ ಹಾಕಿದರು.

ಎದುರಿನ ದೊಡ್ಡ ಕಿಟಕಿಯ ತುಂಬ ಗೋಪುರ ಕಾಣುತ್ತಿತ್ತು. ಗಡಿಯಾರ ನೋಡುವುದನ್ನು ಅಜ್ಜ ಬಟಾಣಿಗೆ ಕಲಿಸಿದ್ದ. ಮೂರು. ಮೂರೂ ಹತ್ತು. ಫೋಟೋಗ್ರಾಫರ್ ಮೂರು ಕಾಲಿನ ಸ್ಟ್ಯಾಂಡು ಬಿಚ್ಚಿ, ಕ್ಯಾಮೆರಾ ಸಿಕ್ಕಿಸಿ, ಕೈ ಕಟ್ಟಿ ನಿಂತಿದ್ದ. ಅತ್ತೆ ಸಾಲು ಸಾಲಾಗಿ ನಿಲ್ಲಿಸಿ ತಲೆ ಎಣಿಸಲು ಶುರು ಮಾಡಿದರು.

"ಮೂವತ್ತೊಂದು ಇರ್ಬೇಕು. ಮೂವತ್ತೇ ಇದೀರ. ಯಾರು ಇಲ್ಲ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲ್ಲದವರು ನಾನಿಲ್ಲ ಎಂದು ಕೈ ಎತ್ತುತ್ತಾರೆಯೇ? ಇಬ್ಬರನ್ನು ಬಚ್ಚಲಮನೆಯ ಕಡೆ ಓಡಿಸಿದರು, ಅಪ್ಪನನ್ನು ಕಾರು ನಿಲ್ಲಿಸಿದ ಕಡೆಗೆ. ಅವರು ಬರುವ ಹೊತ್ತಿಗೆ ಇನ್ಯಾರೋ ನೀರು ಕುಡಿಯಲು ಹೋದರು. ಮತ್ತೆ ಎಣಿಕೆ. ಮತ್ತೆ ಮೂವತ್ತು. ಮಾವ ಎಲ್ಲರಿಗೂ "ಐದೇ ನಿಮಿಷ, ಐದೇ ನಿಮಿಷ" ಎಂದು ಸಮಾಧಾನ ಹೇಳುತ್ತಿದ್ದ. ಮೂರೂವರೆ ಆಯಿತು. ಅಮ್ಮ ಎದ್ದಳು. ಅಪ್ಪ ಕಣ್ಣಿನಲ್ಲೇ ಬೇಡಿಕೊಂಡ. ಅಮ್ಮ ಮತ್ತೆ ಕೂತಳು, ಆದರೆ ಕುರ್ಚಿಯ ತುದಿಯಲ್ಲಿ.

ಮೂರೂ ಐವತ್ತೈದು.

ಬಟಾಣಿ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ದೊಡ್ಡ ಮುಳ್ಳು ಹನ್ನೊಂದರ ಮೇಲಿತ್ತು. ಮೂರನೇ ಸಲ ತಲೆ ಎಣಿಸುವಾಗಲೂ ಅಲ್ಲೇ ಇತ್ತು. ಅಳುತ್ತಿದ್ದ ಮಗುವೊಂದರ ಬಟ್ಟೆ ಬದಲಾಯಿಸಿ ತಂದರೂ ಅಲ್ಲೇ ಇತ್ತು. ಹೋಯಿತು, ಗಡಿಯಾರವೂ ನೆಂಟರ ಭಾಷೆ ಕಲಿತುಬಿಟ್ಟಿತು, ಅದೂ ಮಾವನ ಹಾಗೆ ಐದೇ ನಿಮಿಷ ಅನ್ನುತ್ತಿದೆ ಎಂದು ಅವಳಿಗೆ ತೋಚಿತು. ಅಮ್ಮ ಮತ್ತೆ ಏಳಲು ನೋಡಿದಾಗ ಅತ್ತೆ ಕಿಟಕಿಯ ಕಡೆ ಕೈ ತೋರಿಸಿದರು.

"ಇನ್ನೂ ನಾಲ್ಕೇ ಆಗಿಲ್ಲ ನೋಡಮ್ಮ. ನಿಮ್ಮಪ್ಪನ ಗಡಿಯಾರಾನೇ ಹೇಳ್ತಿದೆ. ಅದೇನು ಅಷ್ಟೊಂದು ಅವಸರ?"

ಕೊನೆಗೆ ಒಗಟು ಬಿಡಿಸಿದವನು ಫೋಟೋಗ್ರಾಫರ್. "ಮೇಡಂ, ನಿಮ್ಮನ್ನ ಎಣಿಸಿದ್ರಾ?" ಎಂದ.

ಇಪ್ಪತ್ತು ವರ್ಷ ಇನ್ನೂರು ತಲೆ ಎಣಿಸಿದವರು ಸ್ವಂತ ತಲೆ ಮರೆತಿದ್ದರು. ನಗಲು ಯಾರಿಗೂ ಧೈರ್ಯವಾಗಲಿಲ್ಲ. ಮೂವತ್ತು ಜನ ಒಟ್ಟಿಗೆ ಕೆಮ್ಮಿದರು. ಅತ್ತೆ ಕೆಂಪಾದ ಮುಖವನ್ನು ನೇರ ಮಾಡಿಕೊಂಡು ನಡುವಿನ ಕುರ್ಚಿಯಲ್ಲಿ ಕೂತರು. ಈಗ ತಮ್ಮ ಮುಜುಗರ ಮುಚ್ಚಲು ಒಂದು ಮಗು ಬೇಕಿತ್ತು.

"ಬಾರಮ್ಮ ಬಟಾಣಿ. ಅತ್ತೆ ತೊಡೆ ಮೇಲೆ ಕೂತ್ಕೋ. ಎಲ್ಲಿ, ಚೆನ್ನಾಗಿ ನಗು ನೋಡೋಣ!"

ಬಟಾಣಿ ಅತ್ತೆಯನ್ನು ನೋಡಿದಳು. ಗೋಪುರವನ್ನು ನೋಡಿದಳು. ಆಮೇಲೆ ಹೇಳಿದಳು.

"ನೋಡೋಣ."

ಅತ್ತೆಯ ಮಗಳು ಹಿಂದಿನ ಸಾಲಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಕೇಳಿದ್ರಾ?" ಎಂದರು ಅತ್ತೆ, ಅಮ್ಮನ ಕಡೆಗೆ ಓರೆಗಣ್ಣು ಬಿಟ್ಟು. "ಇದು ಮಗು ಮಾತಲ್ಲ. ಯಾರೋ ಚೆನ್ನಾಗಿ ಕೀ ಕೊಟ್ಟು ಕಳಿಸಿದ್ದಾರೆ."

ಕೀ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಬಟಾಣಿ ಚುರುಕಾದಳು. ಇಡೀ ದಿನದಲ್ಲಿ ಅವಳಿಗೆ ಗೊತ್ತಿರುವ ವಿಷಯ ಇದೊಂದೇ ಬಂದಿತ್ತು.

"ಇಲ್ಲ ಅತ್ತೆ, ನಂಗ್ಯಾರೂ ಕೊಟ್ಟಿಲ್ಲ. ಕೀ ಕೊಡೋದು ನೀವು, ಅಪ್ಪಂಗೆ. ಅಮ್ಮ ಹೇಳ್ತಾಳಲ್ಲ, ಪ್ರತಿ ಶುಕ್ರವಾರ ಫೋನಲ್ಲಿ ಕೊಡ್ತೀರಂತೆ. ಒಂದು ವಾರ ಓಡ್ತಾನಂತೆ, ಅಜ್ಜನ ಗಡಿಯಾರದ ಥರ." ಇಷ್ಟು ದಿನ ಉಳಿಸಿಕೊಂಡಿದ್ದ ಪ್ರಶ್ನೆಯನ್ನೂ ಕೇಳಿಯೇಬಿಟ್ಟಳು. "ಎಲ್ಲಿ ತಿರುಗಿಸ್ತೀರ ಅತ್ತೆ? ಬೆನ್ನಲ್ಲಾ?"

ಫೋಟೋಗ್ರಾಫರ್ ಆ ಕ್ಷಣದಲ್ಲಿ ಬಟನ್ ಒತ್ತಿದ. ಬೇಕೆಂದೇ ಒತ್ತಿದನೋ, ಬೆರಳು ಜಾರಿತೋ, ಅವನನ್ನೇ ಕೇಳಬೇಕು. ಆಮೇಲೆ ಕೈಗಡಿಯಾರ ನೋಡಿಕೊಂಡು, "ಆಯ್ತು ಮೇಡಂ, ನಂಗೆ ಐದಕ್ಕೆ ಇನ್ನೊಂದು ಕಡೆ ಇದೆ. ಈಗ್ಲೇ ನಾಲ್ಕೂ ಮೂವತ್ತೈದು," ಎಂದ.

"ಏನ್ರೀ ಹೇಳ್ತಿದೀರ? ಅಲ್ಲಿ ನೋಡಿ, ನಾಲ್ಕಕ್ಕೆ ಇನ್ನೂ ಐದು ನಿಮಿಷ ಇದೆ," ಎಂದರು ಅತ್ತೆ. ಬೈಯಲು ಯಾರಾದರೂ ಸಿಕ್ಕಿದ್ದು ಅವರಿಗೆ ಆ ಹೊತ್ತಿನಲ್ಲಿ ದೊಡ್ಡ ಉಪಕಾರವಾಗಿತ್ತು.

"ಅದು ನಿಂತೋಗಿದೆ ಮೇಡಂ. ಆವಾಗಿಂದ ನಿಂತಿದೆ."

ಅಮ್ಮ ಗೋಪುರದ ಕಡೆ ತಿರುಗಿದಳು. ನಲವತ್ತೊಂದು ವರ್ಷದಲ್ಲಿ ಆ ಗಡಿಯಾರ ಒಂದು ದಿನವೂ ನಿಂತಿರಲಿಲ್ಲ. ಜ್ವರ ಬಂದಾಗಲೂ ಅಜ್ಜ ಹೋಗಿದ್ದ, ಅಜ್ಜಿ ತೀರಿಕೊಂಡ ವಾರವೂ ಹೋಗಿದ್ದ. ಎಪ್ಪತ್ತೆರಡು ವರ್ಷದ ಮನುಷ್ಯ, ಒಬ್ಬನೇ, ತೊಂಬತ್ತನಾಲ್ಕು ಮೆಟ್ಟಿಲು. "ಅಪ್ಪಂಗೆ ಏನೋ ಆಗಿದೆ," ಎಂದಳು. ಬಟಾಣಿಯ ಕೈ ಹಿಡಿದು ಬಾಗಿಲಿಗೆ ಓಡಿದಳು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ನೀನು ಕೂತ್ಕೋ. ಇನ್ನೊಂದು ಫೋಟೋ ಬಾಕಿ ಇದೆ." ತಿರುಗಿ ನೋಡಿದ ಬಟಾಣಿಗೆ ಅಪ್ಪ ಕಂಡ. ಅವನು ಎದ್ದೂ ಇರಲಿಲ್ಲ, ಕೂತೂ ಇರಲಿಲ್ಲ. ಅರ್ಧಕ್ಕೆ ಮಡಿಸಿಕೊಂಡು ನಿಂತಿದ್ದ.

ಚೌಕ ದಾಟಿ, ಗೋಪುರದ ಬಾಗಿಲು ತಳ್ಳಿ, ಅಮ್ಮ ಸೀರೆ ಎತ್ತಿಹಿಡಿದು ಮೆಟ್ಟಿಲು ಹತ್ತಿದಳು. ಬಟಾಣಿ ಕೈಯನ್ನೂ ಊರಿಕೊಂಡು ಹತ್ತಿದಳು. ಐವತ್ತರ ತನಕ ಎಣಿಸಿದಳು, ಆಮೇಲೆ ಉಸಿರಿರಲಿಲ್ಲ. ಮೇಲೆ ಬಾಗಿಲು ತೆರೆದೇ ಇತ್ತು. ಎಣ್ಣೆಯ ವಾಸನೆ. ಬಟಾಣಿಗಿಂತ ಎತ್ತರದ ಹಲ್ಲಿನ ಚಕ್ರಗಳು, ಒಂದೂ ಅಲುಗಾಡದೆ.

ಅಜ್ಜ ಸ್ಟೂಲಿನ ಮೇಲೆ ಕೂತಿದ್ದ. ಸುಖವಾಗಿದ್ದ. ಎಡಗೈಯಲ್ಲಿ ದೊಡ್ಡ ಲೋಲಕವನ್ನು ಹಸುವಿನ ಕಿವಿ ಹಿಡಿದ ಹಾಗೆ ಮೆಲ್ಲಗೆ ಹಿಡಿದಿದ್ದ. ಬಲಗೈಯಲ್ಲಿ ಫೋನು.

"ನಿಂತಿರೋದು ನಂಗೂ ಕಾಣ್ತಿದೆ ಸಾರ್," ಎನ್ನುತ್ತಿದ್ದ ಪುರಸಭೆಯ ಯಾರಿಗೋ. "ಯಾವಾಗ ಶುರು ಆಗತ್ತಾ? ನೋಡೋಣ ಸಾರ್." ಫೋನಿಟ್ಟು ಬಾಗಿಲ ಕಡೆ ತಿರುಗಿದ.

"ಅಪ್ಪ!" ಎಂದಳು ಅಮ್ಮ. ಗೋಡೆಗೆ ಒರಗಿ ಅತ್ತುಬಿಟ್ಟಳು. "ಜೀವ ಹೋಯ್ತಲ್ಲ ನಂದು! ಏನಾಯ್ತು ನಿಮಗೆ?"

"ನನಗೇನಾಗ್ಬೇಕು? ಕೈ ಸ್ವಲ್ಪ ಜೋಮು ಹಿಡಿದಿದೆ, ಅಷ್ಟೆ."

ಬಟಾಣಿ ಬಾಗಿಲಲ್ಲೇ ನಿಂತಿದ್ದಳು. "ಅಜ್ಜ, ಲೇಟಾಯ್ತಾ?" ಎಂದು ಕೇಳಿದಳು. ಈಗ ಅಳು ತಡೆಯಲಾಗಲಿಲ್ಲ.

"ಲೇಟಾ? ಯಾರು ಹೇಳಿದ್ದು?" ಅಜ್ಜ ಹುಬ್ಬು ಏರಿಸಿದ. "ನಾಲ್ಕು ಹೊಡೆಯೋಕೆ ಮುಂಚೆ ಬಾ ಅಂದಿದ್ದೆ. ಇನ್ನೂ ಹೊಡೆದಿಲ್ಲ ನೋಡು. ಐದು ನಿಮಿಷ ಮುಂಚೆನೇ ಬಂದಿದೀಯ."

ಅವನು ಕೈ ಬಿಟ್ಟ. ಲೋಲಕ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿತು. ಚಕ್ರಗಳು ಟಕ್ ಎಂದು ಎಚ್ಚೆತ್ತವು. ಐದು ನಿಮಿಷ, ನಿಜವಾದ ಐದು ನಿಮಿಷ, ಬಟಾಣಿ ಗಂಟೆಯ ಪಕ್ಕ ಕಿವಿ ಮುಚ್ಚಿಕೊಂಡು ನಿಂತಳು. ನಾಲ್ಕು ಹೊಡೆಯಿತು. ನೆಲ ನಡುಗಿತು, ಹಲ್ಲೂ ನಡುಗಿತು. ಆಮೇಲೆ ಅಜ್ಜ ಹ್ಯಾಂಡಲ್ ಸಿಕ್ಕಿಸಿ ಅವಳನ್ನು ಮುಂದೆ ನಿಲ್ಲಿಸಿಕೊಂಡ. ಅವಳೊಬ್ಬಳಿಂದ ಅದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅವಳ ಕೈ ಮೇಲೆ ಅಜ್ಜನ ಕೈ, ಅದರ ಮೇಲೆ ಅಮ್ಮನ ಕೈ ಬಂದ ಮೇಲೆ ಕರ್‌ಕರ್ ಎಂದು ತಿರುಗಿತು. ಒಂದು, ಎರಡು, ಮೂರು. ಕತ್ತಲಲ್ಲಿ ಎಲ್ಲೋ ಕೆಳಗಿದ್ದ ಗುಂಡು ಮೇಲೇರತೊಡಗಿತು.

ಇಪ್ಪತ್ತನೇ ಸುತ್ತಿಗೆ ಮೆಟ್ಟಿಲಿನಲ್ಲಿ ಏದುಸಿರು ಕೇಳಿಸಿತು. ತಿಳಿನೀಲಿ ಅಂಗಿ ಬೆವರಿನಲ್ಲಿ ಕಡುನೀಲಿಯಾಗಿ ಅಪ್ಪ ಬಂದ. ಕೊನೆಯ ಮೆಟ್ಟಿಲಿನಲ್ಲಿ ಕುಸಿದು ಕೂತ. ಬಟಾಣಿ ಹ್ಯಾಂಡಲ್ ಬಿಡದೆ ಅವನನ್ನು ನೋಡಿದಳು. ವ್ಯಂಗ್ಯ ಅವಳಿಗೆ ಗೊತ್ತಿರಲಿಲ್ಲ, ಕಾಳಜಿಯಿಂದಲೇ ಕೇಳಿದಳು.

"ಅಪ್ಪ, ಕೀ ಮುಗಿದೋಯ್ತಾ?"

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಚಕ್ರವನ್ನು ನೋಡುತ್ತಿದ್ದಳು.

"ಹ್ಞೂಂ ಕಣೋ. ಮುಗೀತು ಅನ್ಸತ್ತೆ."

"ಒಳ್ಳೇದು ಅಳಿಯಂದ್ರೆ," ಎಂದ ಅಜ್ಜ. "ಆದ್ರೂ ಶುಕ್ರವಾರ ಸಂಜೆ ಕಳೀಲಿ, ಆಮೇಲೆ ನಂಬ್ತೀನಿ. ಈಗ ಬಂದು ಒಂದು ಕೈ ಹಾಕಿ."

ಕೀ ಕೊಟ್ಟಾದ ಮೇಲೆ ಅಜ್ಜ ಮುಳ್ಳುಗಳನ್ನು ಸರಿಯಾದ ಹೊತ್ತಿಗೆ ತಂದು ನಿಲ್ಲಿಸಿದ. ಹಾಗಾಗಿ ಊರಿಗೆ ಅಂದು ನಾಲ್ಕು ಹೊಡೆದ ಕಾಲು ಗಂಟೆಗೆ ಐದೂ ಹೊಡೆಯಿತು. ಕೆಳಗೆ ಹಣ್ಣಿನಂಗಡಿಯವನು ತಲೆಯೆತ್ತಿ ಎರಡೆರಡು ಸಲ ನೋಡಿದ.

ಸೋಮವಾರ ಮೋಟಾರು ಬಂತು. ಅಜ್ಜ ಹ್ಯಾಂಡಲ್ಲನ್ನು ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ ಕಚೇರಿಗೆ ಒಪ್ಪಿಸಿದ. ಬರುವಾಗ ಗೋಪುರದ ಕೆಳಗಿನ ಬೆಂಚಿನಲ್ಲಿ ಬಹಳ ಹೊತ್ತು ಕೂತಿದ್ದನಂತೆ.

ಶುಕ್ರವಾರ ಸಂಜೆ ಮೂವರೂ ಊಟಕ್ಕೆ ಕೂತಿದ್ದರು. "ಅಪ್ಪ, ನಾಳೆ ಅಜ್ಜನ ಜೊತೆ ಬೆಂಚಲ್ಲಿ ಕೂರೋಕೆ ಹೋಗೋಣ್ವಾ? ಮೋಟಾರು ಸರಿಯಾಗಿ ಓಡ್ತಿದ್ಯಾ ಅಂತ ನೋಡ್ಬೇಕಂತೆ," ಎಂದು ಬಟಾಣಿ ಕೇಳಿದಳು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಏಳು ಗಂಟೆಯಾಯಿತು, ಫೋನು ಬಂತು. ಅಪ್ಪ ಅಭ್ಯಾಸಬಲದಿಂದ ಎದ್ದು ನಿಂತ. ಅತ್ತೆಯ ದನಿ ಮೇಜಿನ ತನಕ ಕೇಳುತ್ತಿತ್ತು. ಫೋಟೋ ಬಂದಿದೆ. ಮೂವತ್ತೊಂದು ಜನರಲ್ಲಿ ಮೂವತ್ತು ಜನ ಬಾಯಿ ತೆರೆದುಕೊಂಡಿದ್ದಾರೆ. ನಾಳೆ ಬೆಳಿಗ್ಗೆ ಎಲ್ಲರೂ ಮತ್ತೆ ತಿಳಿನೀಲಿ ಹಾಕಿಕೊಂಡು ಬರತಕ್ಕದ್ದು. ಫೋಟೋ ಇನ್ನೊಮ್ಮೆ.

ಅಪ್ಪ ಗೋಡೆ ನೋಡಿದ, ನೆಲ ನೋಡಿದ, ಮಗಳನ್ನು ನೋಡಿದ.

"ನೋಡೋಣ ಅಕ್ಕ," ಎಂದು ಫೋನಿಟ್ಟ.

ಬಟಾಣಿ ಚಮಚ ಕೆಳಗಿಟ್ಟಳು. "ಅಪ್ಪ, ಇದು ಅತ್ತೆಗೆ ಹೇಳೋ ನೋಡೋಣನಾ, ನಂಗೆ ಹೇಳೋ ನೋಡೋಣನಾ?"

"ನಿಂಗೆ ಹೇಳೋದು ಕಣೋ," ಎಂದ ಅಪ್ಪ ಗೆದ್ದವನ ಹಾಗೆ ನಗುತ್ತಾ. ಮಾತು ಬಾಯಿ ದಾಟಿದ ಮೇಲೆ ತಾನು ಒಪ್ಪಿಕೊಂಡದ್ದು ಏನೆಂದು ಅವನಿಗೆ ಹೊಳೆಯಿತು. ನಗು ಅಲ್ಲೇ ನಿಂತಿತು. ಮಗಳ ತಟ್ಟೆಯ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತ.

"ನಾಳೆ ಹೋಗೋಣ," ಎಂದ. "ಬೆಂಚಿಗೆ. ಮೂರೂವರೆಗೆ."

ಬಟಾಣಿ ಅವನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದಳು. ಆಮೇಲೆ ಎದ್ದು ಹೋಗಿ, ಶೂ ತಂದು ಬಾಗಿಲ ಪಕ್ಕ ಇಟ್ಟುಕೊಂಡಳು. ಹಾಕಿಕೊಳ್ಳಲಿಲ್ಲ.